ಕಬ್ಬಿಣದ ಭಿಕ್ಷೆಗೆ ಹೋದ ಹುಡುಗ

ಭಾನುವಾರ ಮೈಸೂರಲ್ಲಿ ಒಂದು ದೊಡ್ಡ ಸಿನಿಮಾದ ಮೂರನೇ ಭಾಗ ನೋಡಿ ಬಂದೆ. ಹೆಸರು ಬೇಡ. ಬೆಂಕಿ, ಯುದ್ಧ, ಕೊನೆಯಲ್ಲಿ ನಾಲ್ಕನೇ ಭಾಗಕ್ಕೊಂದು ಸುಳಿವು. ಬಸ್ಸು ಮಂಡ್ಯ ತಲುಪುವಷ್ಟರಲ್ಲಿ ಆ ನಾಯಕನಿಗೆ ಏನು ಬೇಕಿತ್ತು ಅನ್ನೋದೇ ಮರೆತುಹೋಗಿತ್ತು. ಇಂಥ ಕಥೆಗಳನ್ನ ತುಂಬಾ ಪ್ರೀತಿಸುವವನು ನಾನು. ಅದಕ್ಕೇ ಸಂಕಟ ಆಯ್ತು.

ಆವತ್ತು ರಾತ್ರಿ ನಮ್ಮ ಜನಪದ ಕಾವ್ಯದ ಸಿದ್ದಪ್ಪಾಜಿ ನೆನಪಾದರು. ಮಳವಳ್ಳಿ ಕಡೆ ನಮ್ಮಜ್ಜಿ ಊರಲ್ಲಿ ಅವರ ಕಥೆ ಹಾಡುವ ನೀಲಗಾರರು ತಂಬೂರಿ ಹಿಡಿದು ಕೂತರೆ ಕೋಳಿ ಕೂಗೋವರೆಗೂ ಹಾಡೋರು. ಗುರು ಮಂಟೇಸ್ವಾಮಿ ನಿಡುಘಟ್ಟದ ಪಾಂಚಾಳರ, ಅಂದ್ರೆ ಕಮ್ಮಾರರ, ಹುಡುಗ ಕೆಂಪಾಚಾರಿಯನ್ನ ಶಿಶುಮಗನಾಗಿ, ಅಂದ್ರೆ ಶಿಷ್ಯನಾಗಿ, ಪಡೀತಾರೆ. ಅವನೇ ಮುಂದೆ ಸಿದ್ದಪ್ಪಾಜಿ. ಆಮೇಲೆ ಹಲಗೂರಿಗೆ ಕಳಿಸ್ತಾರೆ, ಕಬ್ಬಿಣದ ಭಿಕ್ಷೆಗೆ. ಅಲ್ಲಿಯ ಪಾಂಚಾಳರು ಕೊಡಲ್ಲ. ಒಂದರ ಮೇಲೊಂದು ಪವಾಡ ಕೇಳಿ ಹಿಂಸೆ ಕೊಡ್ತಾರೆ. ಆ ಭಾಗ ಬಂದಾಗ ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡು ಅಂದಿದ್ದು ಇವತ್ತಿಗೂ ಕಿವಿಯಲ್ಲಿದೆ: “ಅವ್ರು ಅವನ್ ಕುಲ್ದೋರೇ ಕಣ್ ಮಗ.”

ಅಷ್ಟೇ ಸಾಕು. ಕುಲುಮೆಯಲ್ಲಿ ಹುಟ್ಟಿದವನು ಕುಲುಮೆಯವರ ಮುಂದೆಯೇ ಕಬ್ಬಿಣಕ್ಕೆ ಕೈ ಚಾಚಿ ನಿಲ್ಲಬೇಕು. ಬೇಡೋದು ಏನು, ಯಾರನ್ನ, ಯಾಕೆ ಅವನಿಗದು ಕಷ್ಟ, ಎಲ್ಲ ಒಂದೇ ಚಿತ್ರದಲ್ಲಿದೆ. ನಮ್ಮ ಈಗಿನ ನಾಯಕರಿಗೆ ಬಲ ಹೆಚ್ಚುತ್ತಾ ಹೋಗುತ್ತೆ, ಬೇಡುವ ಗಳಿಗೆ ಮಾತ್ರ ಬರೋದೇ ಇಲ್ಲ.

ಇನ್ನೊಂದು, ಸಾಲು, ಅಂದ್ರೆ ಹಾಡುವ ಕಾವ್ಯದ ಒಂದೊಂದು ಕಥಾಭಾಗ. ಮಲೆ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಸಾಲು ತಗೊಳ್ಳಿ. ಜೇನಿಗೆ ಹೊರಟ ಗಂಡ ಬಲಗೈ ಭಾಷೆ ಕೊಡು ಅಂತಾನೆ. ಅವಳು ಕೊಡಲ್ಲ. ಕಾಡಲ್ಲಿ ಕೂಡಿಹಾಕಿ ಹೋಗ್ತಾನೆ. ಮಾದಪ್ಪ ಬರೋದು ಆಮೇಲೆ. ಅಲ್ಲೀವರೆಗೂ ಕಥೆ ಪೂರ್ತಿ ಸಂಕಮ್ಮಂದು, ದೇವರೂ ಅವಳಿಗೆ ಜಾಗ ಬಿಟ್ಟಿದ್ದಾನೆ! ಇದೊಂದೇ ಸಾಲು ಕೇಳಿ ಎದ್ದುಹೋದರೂ ಹೊಟ್ಟೆ ತುಂಬುತ್ತೆ. ಅದನ್ನ ಹಾಡುವ ಕಂಸಾಳೆಯವರು ಯಾವ ಸಾಲನ್ನೂ ಮುಂದಿನ ಸಾಲಿನ ಜಾಹೀರಾತು ಮಾಡಲಿಲ್ಲ.

ಹೊರಗಿನವರಲ್ಲೂ ಇದನ್ನ ಬಲ್ಲವರಿದ್ದರು. ‘ಸ್ಟಾರ್ ವಾರ್ಸ್’ 1977ರಲ್ಲಿ ಬಂದಾಗ ಅದಕ್ಕೆ ಭಾಗದ ಸಂಖ್ಯೆಯೇ ಇರಲಿಲ್ಲ. ‘ನಾಲ್ಕನೇ ಅಧ್ಯಾಯ’ ಅನ್ನೋದು ಸೇರಿದ್ದು 1981ರ ಮರುಬಿಡುಗಡೆಯಲ್ಲಿ. ಅದರಲ್ಲಿ ಹುಡುಗ ಮಾತಿನ ನಡುವೆ ‘ಕ್ಲೋನ್ ಯುದ್ಧ’ದಲ್ಲಿ ಹೋರಾಡಿದ್ರಾ ಅಂತ ಮುದುಕನೊಬ್ಬನನ್ನ ಕೇಳ್ತಾನೆ, ಮುದುಕ ಹೌದು ಅಂತಾನೆ, ಯುದ್ಧ ಏನಂತ ವಿವರಿಸಲ್ಲ. ಆ ಯುದ್ಧ ತೆರೆ ಮೇಲೆ ಶುರುವಾಗೋದು ನೋಡಲು 2002ರವರೆಗೆ ಕಾಯಬೇಕಾಯ್ತು. ನೀಲಗಾರರ ಬಾಯಲ್ಲಿ ‘ಕಲ್ಯಾಣ’ ಅನ್ನೋ ಹೆಸರು ಬಂದಾಗಲೂ ನನಗೆ ಹಾಗೇ ಆಗ್ತಿತ್ತು. ಎಲ್ಲೋ ಒಂದು ದೊಡ್ಡ ಪಟ್ಟಣ, ಅಲ್ಲೇನೋ ಆಗಿಹೋಗಿದೆ. ಯಾರೂ ವಿವರಿಸಲಿಲ್ಲ, ನಾನೇ ಕಟ್ಟಿಕೊಂಡೆ.

ಮಂಡ್ಯದ ಗೆಳೆಯನೊಬ್ಬ ಮೂರು ಭಾಗದ ಕಥೆ ಬರೀತಿದ್ದಾನೆ. ನಕ್ಷೆ, ರಾಜವಂಶ, ಆಯುಧಗಳ ಹೆಸರು, ಎಲ್ಲ ಸಿದ್ಧ. “ನಿನ್ನ ಹುಡುಗ ಯಾರ ಮುಂದೆ ಕೈ ಚಾಚ್ತಾನೆ?” ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ. ಬನದ ಹುಣ್ಣಿಮೆಗೆ ಸಿದ್ದಪ್ಪಾಜಿ ಜಾತ್ರೆ ನಡೆಯೋ ಚಿಕ್ಕಲ್ಲೂರಿಗೆ ಹೋಗ್ತಿದ್ದೀನಿ, ಅಲ್ಲಿ ಹಚ್ಚೋ ಚಂದ್ರಮಂಡಲ ನೋಡೋಕೆ. ಅವನನ್ನೂ ಕರ್ಕೊಂಡು ಹೋಗ್ತೀನಿ.