ಡಾಂಬರು ಹಾಕಿದರೆ ಮುಗಿಯುವುದಿಲ್ಲ

ಮಂಗಳೂರು ವಿಮಾನ ನಿಲ್ದಾಣದ ರನ್‌ವೇಗೆ 2023ರಲ್ಲಿ ಡಾಂಬರು ಹೊದಿಸಿದ್ದರ ಬಗ್ಗೆ ಬರೆದಿದ್ದೀರಿ, ಖುಷಿಯಾಯಿತು. ಆದರೆ 'ಇನ್ನು ಚಿಂತೆಯಿಲ್ಲ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2006ರ ಆ 2,450 ಮೀಟರ್ ರನ್‌ವೇ ಮೊದಲು ಕಾಂಕ್ರೀಟಿನದು. ಬಿಸಿಲಿಗೆ ಡಾಂಬರಿನ ಕೆಳಗಿರುವ ಆ ಕಾಂಕ್ರೀಟ್ ಚಪ್ಪಡಿಗಳು ಹಿಗ್ಗುತ್ತವೆ, ರಾತ್ರಿ ಕುಗ್ಗುತ್ತವೆ. ಅವುಗಳ ನಡುವಿನ ಜಾಯಿಂಟ್ ಇರುವ ಕಡೆಯೇ ಮೇಲಿನ ಡಾಂಬರು ಮುಂದೆ ಬಿರುಕು ಬಿಡಬಹುದು.

ನಾನು ರಸ್ತೆ ಕೆಲಸದ ಲ್ಯಾಬಿನಲ್ಲಿ ಇದ್ದವನು. ಹೊಸ ಡಾಂಬರಿನ ತುಂಡು ಕೈಗೆ ಅಂಟುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಅಂಚನ್ನು ಹೆಬ್ಬೆರಳಲ್ಲಿ ಒತ್ತಿದರೆ ಜಲ್ಲಿ ಉದುರುತ್ತದೆ. ರಸ್ತೆಯಲ್ಲಾದರೆ ಅದು ಬರೀ ಜಲ್ಲಿ. ರನ್‌ವೇಯಲ್ಲಿ ಅದೇ ಕಲ್ಲು ಜೆಟ್ ಎಂಜಿನ್ನಿನ ಬಾಯಿಗೆ ಹೋಗುತ್ತದೆ!

ಇನ್ನು ವಿಮಾನ ಇಳಿಯುವ ಜಾಗದಲ್ಲಿ ಟೈರಿನ ರಬ್ಬರ್ ಕಪ್ಪಗೆ ಮೆತ್ತಿಕೊಳ್ಳುತ್ತದೆ. ಮಳೆ ಬಂದರೆ ಅಲ್ಲೇ ಜಾರಿಕೆ ಜಾಸ್ತಿ. ಗುಡ್ಡದ ತಲೆಯ ಮೇಲಿದ್ದು ತುದಿಯಲ್ಲಿ ಕಣಿವೆ ಇರುವ ಇಂಥ ಟೇಬಲ್‌ಟಾಪ್ ರನ್‌ವೇಯಲ್ಲಿ ಅದು ಸಣ್ಣ ವಿಷಯವಲ್ಲ ಅಲ್ವಾ? ಅದಕ್ಕೇ ನೀರು ಚಿಮ್ಮಿಸುತ್ತಾ ಓಡುವ ಗಾಡಿಯಿಂದ ಘರ್ಷಣೆ ಅಳೆಯುತ್ತಾರೆ. ರಬ್ಬರನ್ನು ಜೋರು ಒತ್ತಡದ ನೀರಿನಿಂದ ತೆಗೆಯುತ್ತಾರೆ.

2023ರಲ್ಲಿ ಡಾಂಬರು ಹಾಕುವಾಗ ಬೆಳಗ್ಗೆ 9.30ರಿಂದ ಸಂಜೆ 6ರವರೆಗೆ ರನ್‌ವೇ ಮುಚ್ಚಿದ್ದಕ್ಕೆ ಸುಮಾರು ಜನ ಬೈದರು. ಇಂಥ ಕೆಲಸದಲ್ಲಿ ದಿನಾ ಸಂಜೆ ಹೊಸ ಪದರದ ತುದಿಯನ್ನು ಇಳಿಜಾರು ಮಾಡಿ, ಒಂದು ಕಲ್ಲೂ ಉಳಿಯದಂತೆ ಗುಡಿಸಿ ವಿಮಾನಕ್ಕೆ ಬಿಡಬೇಕು. ಆ ಕೆಲಸಗಾರರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಬಿರುಕುಗಳ ನಕ್ಷೆ ಮಾಡಿ, ಕೂದಲೆಳೆಯಷ್ಟು ಇರುವಾಗಲೇ ಮುಚ್ಚಲಿ. ನೀರು ಒಳಗೆ ಇಳಿದ ಮೇಲೆ ಖರ್ಚು ಎಷ್ಟೋ ಪಟ್ಟು ಏರುತ್ತದೆ.