36 ದಿನಗಳ ಪತನ

2025ರ ಮೇ 6ರಂದು ಹೈದರಾಬಾದಿನ ಸಿಬಿಐ ಕೋರ್ಟು ಓಬಳಾಪುರಂ ಅಕ್ರಮ ಗಣಿಗಾರಿಕೆ ಕೇಸಿನಲ್ಲಿ ಗಾಲಿ ಜನಾರ್ದನ ರೆಡ್ಡಿಯವರಿಗೆ 7 ವರ್ಷ ಶಿಕ್ಷೆ ಕೊಟ್ಟಿತು. ಗಂಗಾವತಿಯ ಶಾಸಕ ಸ್ಥಾನ ಹೋಯಿತು. ಒಂದು ಯುಗ ಮುಗಿಯಿತು ಅಂದುಕೊಂಡೆವು. ಜೂನ್ 11ಕ್ಕೆ ತೆಲಂಗಾಣ ಹೈಕೋರ್ಟು ತಡೆ ಕೊಟ್ಟಿತು. ಶಾಸಕ ಸ್ಥಾನ ವಾಪಸ್ ಬಂತು. ಬೆರಳು ಮಡಚಿ ಎಣಿಸಿ ನೋಡಿ, ಯುಗಾಂತ್ಯಕ್ಕೂ ಯುಗಾರಂಭಕ್ಕೂ ನಡುವೆ ಇದ್ದದ್ದು 36 ದಿನ. "ಸರ, ಇದು ಶಿಕ್ಷಾ ಏನ್ರಿ, ಸೂಟಿ ಏನ್ರಿ? ನಮ್ ಸಾಲಿ ಹುಡುಗರ ಬ್ಯಾಸಗಿ ಸೂಟಿನ ಇದಕ್ಕಿಂತ ಉದ್ದ ಇರ್ತತಿ" ಅಂದರು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು. ಉತ್ತರ ಕೊಡಬೇಕಾದವರು ಯಾರೂ ಅಲ್ಲಿ ಗಿರ್ಮಿಟ್ ತಿನ್ನಲು ಬರುವುದಿಲ್ಲ.

ಮನುಷ್ಯನ ಸಾಧನೆಯನ್ನು ಮೆಚ್ಚಲೇಬೇಕು. ಪೊಲೀಸ್ ಕಾನ್‌ಸ್ಟೆಬಲ್ ಮಗ. ಮೊದಲು ಜನರ ಉಳಿತಾಯ ಕೂಡಿಸುವ ಒಂದು ಕಂಪನಿ ನಡೆಸಿದರು. 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಬಳ್ಳಾರಿಗೆ ಬಂದು ಕುಸ್ತಿ ಹಿಡಿದರು. ಸುಷ್ಮಾ ಸೋತರು, ರೆಡ್ಡಿ ಸಹೋದರರು ಗೆದ್ದರು! 2008ಕ್ಕೆ ಇವರು ಪ್ರವಾಸೋದ್ಯಮ ಮತ್ತು ಮೂಲಸೌಕರ್ಯ ಸಚಿವರು. ಖಾತೆ ಹಂಚಿದವರಿಗೆ ಹಾಸ್ಯಪ್ರಜ್ಞೆ ಇತ್ತು ಅಂತ ನನಗೆ ಈಗಲೂ ಅನುಮಾನ. ನಮ್ಮ ಅದಿರು ದಂಡು ದಂಡಾಗಿ ಚೀನಾ ಪ್ರವಾಸಕ್ಕೆ ಹೋದ ಕಾಲ ಅದೇ. ಅದು ಹೋದ ರಸ್ತೆಗಳಲ್ಲಿ ಮೂಲವೂ ಉಳಿಯಲಿಲ್ಲ, ಸೌಕರ್ಯವೂ ಉಳಿಯಲಿಲ್ಲ. 2009ರಲ್ಲಿ ತಿರುಪತಿ ತಿಮ್ಮಪ್ಪನಿಗೆ 40 ಕೋಟಿಗೂ ಮೇಲಿನ ವಜ್ರದ ಕಿರೀಟ ಕೊಟ್ಟರು. ತಿಮ್ಮಪ್ಪ ರಸೀದಿ ಕೇಳುವವನಲ್ಲ. 2011ರ ಸೆಪ್ಟೆಂಬರಿನಲ್ಲಿ ಸಿಬಿಐ ಬಂದು ಕೇಳಿತು.

ಆದರೆ ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಗಡಿಯ ಅಧ್ಯಾಯ.

ನಾವು ಹುಬ್ಬಳ್ಳಿ-ಧಾರವಾಡದವರು ಗಡಿ ವಿಷಯದಲ್ಲಿ ಪಿಎಚ್‌ಡಿ ಮಾಡಿದವರು. ಕರ್ನಾಟಕ-ಮಹಾರಾಷ್ಟ್ರ ಗಡಿಯ ಬಗೆಗಿನ 1967ರ ಮಹಾಜನ ವರದಿಯನ್ನು ಒಬ್ಬರೂ ಓದಿಲ್ಲ, ಎಲ್ಲರಿಗೂ ಬಾಯಿಪಾಠ. ಬೆಳಗಾವಿಯ ಒಂದಿಂಚು ನೆಲ ಕೇಳಿ ನೋಡಿ. ನಮ್ಮ ಬಸ್ಸಿಗೆ ಅತ್ತ ಮಸಿ, ಅವರ ಬಸ್ಸಿಗೆ ಇತ್ತ ಮಸಿ, ಮಧ್ಯೆ ನಿಪ್ಪಾಣಿಯಲ್ಲಿ ಮದುವೆಗೆ ಹೊರಟವರು ಗಂಟುಮೂಟೆ ಸಮೇತ ರಸ್ತೆ ಮೇಲೆ. ಚೆನ್ನಮ್ಮ ಸರ್ಕಲ್ಲಿನಲ್ಲಿ ಟೈರು ಸುಟ್ಟರೇನೇ ನಮಗೆ ಬಂದ್ ಅನ್ನಿಸುವುದು. ಅದು ಬಿಡಿ, ಹೊಲದ ಬದುವಿಗೆ ಬನ್ನಿ. ನವಲಗುಂದದ ಕಡೆ ಎರೆಹೊಲದಲ್ಲಿ ಯಾರಾದರೂ ಬದುವನ್ನು ಒಂದು ಗೇಣು ಆಚೆ ಒತ್ತಿ ರಂಟೆ ಹೊಡೆದರೆ ಮುಗಿಯಿತು. ಅಣ್ಣ ತಮ್ಮ ಮಾತು ಬಿಡುತ್ತಾರೆ. ಹೆಂಡಂದಿರು ಮೊದಲೇ ಬಿಟ್ಟಿರುತ್ತಾರೆ. ಸರ್ವೇಯರ್ ಬರುತ್ತಾನೆ, ಚೈನು ಹಿಡಿದು ಅಳೆಯುತ್ತಾನೆ, ಇಬ್ಬರ ಮನೆಯಲ್ಲೂ ಚಹಾ ಕುಡಿಯುತ್ತಾನೆ, ಇಬ್ಬರಿಗೂ ಬೇರೆ ಬೇರೆ ಉತ್ತರ ಹೇಳಿ ಹೋಗುತ್ತಾನೆ. ಧಾರವಾಡದ ವಕೀಲರ ಎರಡನೇ ಮಹಡಿ ಏಳುತ್ತದೆ. ಗೇಣು ನೆಲದಲ್ಲಿ ಬೆಳೆಯುವ ಕಡಲೆ ಒಂದು ಬೊಗಸೆ.

ಇಂಥ ನಾಡಿನಲ್ಲಿ, ಬಳ್ಳಾರಿ ಕಡೆ ಎರಡು ರಾಜ್ಯಗಳ ನಡುವಿನ ಗಡಿ ಗುರುತುಗಳನ್ನೇ ಅಳಿಸಿ, ಆಂಧ್ರದ ಲೀಸು ಇಟ್ಟುಕೊಂಡು ಕರ್ನಾಟಕದ ಗುಡ್ಡ ತೋಡಿದರೆಂಬ ಆರೋಪ ಬಂತು. ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿಯನ್ನೂ ಸ್ಫೋಟಿಸಿದರೆಂಬ ದೂರು ಬಂತು. ಕೊನೆಗೆ ಸುಪ್ರೀಂ ಕೋರ್ಟು ಹೇಳಿದ ಮೇಲೆ ಸರ್ವೆ ಆಫ್ ಇಂಡಿಯಾದವರು ಬಂದು ಗಡಿ ಎಲ್ಲಿದೆ ಅಂತ ಹುಡುಕಬೇಕಾಯಿತು. ಒಂದು ಟೈರಾದರೂ ಸುಟ್ಟೆವಾ? ನನಗಂತೂ ಅಂಥ ವಾಸನೆ ಬಡಿದ ನೆನಪಿಲ್ಲ. ಮರಾಠಿ ಬೋರ್ಡು ಕಂಡರೆ ಏಣಿ ತರುವ ನಮ್ಮ ವೀರರು ಅವತ್ತು ಬಹುಶಃ ಊಟಕ್ಕೆ ಹೋಗಿದ್ದರು.

ಗಡಿಯೂ ಸುಮ್ಮನೆ ಬಿಡಲಿಲ್ಲ, ಬಿಡಿ. 2015ರಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಡುವಾಗ ಬಳ್ಳಾರಿಗೆ ಕಾಲಿಡಬಾರದು ಅಂತ ಷರತ್ತು ಹಾಕಿತು. ರಾಜ್ಯದ ಗಡಿಯನ್ನೇ ಅಲುಗಾಡಿಸಿದ ಆರೋಪ ಹೊತ್ತವರು ಜಿಲ್ಲೆಯ ಗಡಿಯ ಮುಂದೆ ನಿಂತುಬಿಟ್ಟರು. 2018ರ ಚುನಾವಣೆಯಲ್ಲಿ ಗೆಳೆಯ ಶ್ರೀರಾಮುಲು ಪರ ಕೆಲಸ ಮಾಡಲು ಮೊಳಕಾಲ್ಮುರಿನ ಕಡೆ, ಬಳ್ಳಾರಿ ಜಿಲ್ಲೆಗೆ ತಾಗಿದಂತೆಯೇ ಬಿಡಾರ ಹೂಡಿದರು. ಆಚೆ ನಿಂತು ಈಚೆ ನೋಡುವುದು. ಆಗಾಗ ಅನುಮತಿ ಪಡೆದು ಹೋಗಿ ಬಂದದ್ದು ಬಿಟ್ಟರೆ, ಸಲೀಸಾಗಿ ಊರು ಸೇರಲು 2024ರ ಅಕ್ಟೋಬರ್ ಬರಬೇಕಾಯಿತು. ಆ ಗೆರೆಯನ್ನು ಜೆಸಿಬಿ ತಂದು ಸರಿಸುವ ಹಾಗಿರಲಿಲ್ಲ ಅಲ್ವಾ.

ಮಧ್ಯೆ ಒಂದು ಮದುವೆ ಆಯಿತು. 2016ರ ನವೆಂಬರ್ 8ಕ್ಕೆ ನೋಟು ರದ್ದು, 16ಕ್ಕೆ ಬೆಂಗಳೂರು ಅರಮನೆ ಮೈದಾನದಲ್ಲಿ ಇವರ ಮಗಳ ಮದುವೆ. ಮಂಗಳಪತ್ರದಲ್ಲೇ ಟಿವಿ ಪರದೆ, ಮೈದಾನದಲ್ಲಿ ವಿಜಯನಗರದ ಸೆಟ್ಟು. ಖರ್ಚು 500 ಕೋಟಿ ಅಂತ ಪೇಪರಿನವರು ಬರೆದರು, ಅಷ್ಟಿಲ್ಲ ಅಂತ ಮನೆಯವರು ಅಂದರು. ಆ ವಾರ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಎಟಿಎಂ ಮುಂದೆ ಸಾಲು ಬೀದಿ ತುದಿಗೆ ಮುಟ್ಟಿತ್ತು. ಮಗಳ ಮದುವೆ ಗೊತ್ತು ಮಾಡಿಕೊಂಡಿದ್ದ ಒಬ್ಬರು, ಬಾಸಿಂಗ ಬರೆದ ಪತ್ರಿಕೆಯನ್ನು ಬ್ಯಾಂಕಿನ ಗಾಜಿನ ಕಿಂಡಿಗೆ ಒತ್ತಿ ಹಿಡಿದು ನಿಂತಿದ್ದರು. ಒಳಗಿನವರು ತಲೆ ಎತ್ತಲಿಲ್ಲ. ಮದುವೆ ಮನೆಯವರು 2.5 ಲಕ್ಷ ತೆಗೆಯಬಹುದು ಅನ್ನುವ ಆದೇಶ ಬಂದದ್ದು 17ನೇ ತಾರೀಖು, ಅರಮನೆ ಮೈದಾನದ ಮಾರನೇ ದಿನ.

2022ರ ಕೊನೆಗೆ ಸ್ವಂತ ಪಕ್ಷ ಕಟ್ಟಿದರು. ಕಲ್ಯಾಣ ರಾಜ್ಯ ಪ್ರಗತಿ ಪಕ್ಷ, ಗುರುತು ಫುಟ್‌ಬಾಲ್. ಗಂಗಾವತಿಯಲ್ಲಿ ಇವರು ಗೆದ್ದರು. ಬಳ್ಳಾರಿ ನಗರದಲ್ಲಿ ಹೆಂಡತಿ ಮತ್ತು ಸಹೋದರ ಎದುರಾಬದುರು ನಿಂತು ಇಬ್ಬರೂ ಸೋತರು. 2024ರ ಮಾರ್ಚಿನಲ್ಲಿ ಚೆಂಡು ಮತ್ತೆ ಬಿಜೆಪಿಯ ಅಂಗಳಕ್ಕೆ. ಇಷ್ಟು ಸಾಕು.

ಕಾನೂನಿನ ಮಾತು. 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದರೆ ಶಾಸಕ ಸ್ಥಾನ ಹೋಗುತ್ತದೆ. ಮೊದಲು ಮೇಲ್ಮನವಿ ಹಾಕಲು 3 ತಿಂಗಳ ರಿಯಾಯಿತಿ ಇತ್ತು, 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಿತ್ತು ಹಾಕಿತು. ಮೇಲಿನ ಕೋರ್ಟು ತಡೆ ಕೊಟ್ಟರೆ ಸ್ಥಾನ ವಾಪಸ್. ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿದೆ. ಮೇಲ್ಮನವಿ ಹಾಕುವುದು ಎಲ್ಲರ ಹಕ್ಕು. ನನ್ನ ತಕರಾರು ಕೋರ್ಟಿನ ಮೇಲಲ್ಲ, ಟೈಮ್‌ಟೇಬಲ್ ಮೇಲೆ. 2009ರ ಕೇಸಿಗೆ ತೀರ್ಪು 2025ಕ್ಕೆ. ತೀರ್ಪಿಗೆ ತಡೆ 36 ದಿನಕ್ಕೆ. ಹೋಗುವಾಗ ಪ್ಯಾಸೆಂಜರ್ ಗಾಡಿ, ಬರುವಾಗ ವಂದೇ ಭಾರತ್.

ಇದು ಒಂದೇ ಪಕ್ಷದ ಜಾತ್ರೆ ಅಂದುಕೊಳ್ಳಬೇಡಿ. ಕಾರವಾರದ ಕಾಂಗ್ರೆಸ್ ಶಾಸಕ ಸತೀಶ್ ಸೈಲ್ ಅವರಿಗೂ ಬೇಲೆಕೇರಿ ಅದಿರಿನ ಕೇಸುಗಳಲ್ಲಿ 2024ರ ಅಕ್ಟೋಬರಿನಲ್ಲಿ ಶಿಕ್ಷೆ ಆಯಿತು, ಅದೇ 7 ವರ್ಷ. ನವೆಂಬರಿನಲ್ಲಿ ಹೈಕೋರ್ಟು ಅಮಾನತಿನಲ್ಲಿಟ್ಟಿತು. ಅಲ್ಲಿ ನಡೆದದ್ದು ಇನ್ನೂ ಸೊಗಸು. 2010ರಲ್ಲಿ ಅರಣ್ಯ ಇಲಾಖೆ ಬೇಲೆಕೇರಿ ಬಂದರಿನಲ್ಲಿ ಲಕ್ಷಾಂತರ ಟನ್ ಅದಿರನ್ನು ಜಪ್ತಿ ಮಾಡಿತು. ಜಪ್ತಿಯಾದ ಅದಿರು ಹಡಗು ಹತ್ತಿ ಹೋಯಿತು. ನಮ್ಮೂರಿನ ಯಾವುದಾದರೂ ಪೊಲೀಸ್ ಠಾಣೆಯ ಹಿಂದೆ ಹೋಗಿ ನೋಡಿ. ಜಪ್ತಿಯಾದ ಬೈಕು ಅಲ್ಲೇ ಇರುತ್ತದೆ. ಸೀಟಿನ ಸ್ಪಂಜು ಹೊರಗೆ ಬಂದಿರುತ್ತದೆ, ಚಕ್ರದ ಕಡ್ಡಿಗೆ ಬಳ್ಳಿ ಸುತ್ತಿರುತ್ತದೆ, ಟ್ಯಾಂಕಿನ ಮೇಲೆ ಸುಣ್ಣದಲ್ಲಿ ಬರೆದ ಕೇಸ್ ನಂಬರ್ ಅರ್ಧ ಅಳಿಸಿರುತ್ತದೆ. ಮಾಲೀಕ ದಂಡ ಕಟ್ಟುತ್ತೇನೆ ಅಂದರೂ ಆ ಬೈಕು ಅಲುಗಾಡುವುದಿಲ್ಲ. ಟನ್ನುಗಟ್ಟಲೆ ಅದಿರಿಗೆ ಮಾತ್ರ ಕಾಲು ಬಂದವು.

ಅದಿರು ಹಿಡಿದ ಅರಣ್ಯಾಧಿಕಾರಿ ಅಮಾನತಾದರು. ಅದನ್ನು ಸಹಿಸದೆ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ಅಡ್ವಾಣಿಯವರ ಮಾತಿಗೆ ವಾಪಸ್ ಪಡೆದರು. ಕದ್ದವರಿಗೆ ಶಿಕ್ಷೆ ಕೊಡಲು 14 ವರ್ಷ ಬೇಕಾಯಿತು. ಹಿಡಿದವರಿಗೆ ಕೊಡಲು ಏನೂ ತಡವಾಗಲಿಲ್ಲ.

ಇಲ್ಲಿ ನಗು ಬರುವುದಿಲ್ಲ ನೋಡಿ. ಬೇಲೆಕೇರಿಗೆ ಅದಿರು ಹೊತ್ತ ಆ ಲಾರಿಗಳು ಹೋದದ್ದು ನಮ್ಮ ತಲೆಯ ಮೇಲೆಯೇ. ಹೊಸಪೇಟೆಯಿಂದ ಕೊಪ್ಪಳ, ಗದಗ, ಅಣ್ಣಿಗೇರಿ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟು, ಅಂಕೋಲಾ. ರಾತ್ರಿ ಇಡೀ ಸಾಲು. ತಾಡಪತ್ರಿ ಹರಿದು ಪಟಪಟ ಬಡಿಯುತ್ತಿತ್ತು. ಅಣ್ಣಿಗೇರಿಯಲ್ಲಿ ರಸ್ತೆ ಬದಿ ಒಣಗಲು ಹಾಕಿದ ಮೆಣಸಿನಕಾಯಿಗೂ ಡಾಂಬರಿಗೂ ಒಂದೇ ಬಣ್ಣ. ಹುಡುಗರು ಸಾಲಿಯಿಂದ ಬಂದರೆ ಅಂಗಿ ಕಾಲರು ಕೆಂಪು, ಕೆಮ್ಮಿದರೆ ಕರ್ಚೀಫೂ ಕೆಂಪು. ಘಾಟಿನಲ್ಲಿ ಬ್ರೇಕ್ ಹಿಡಿಯದೆ ಉರುಳಿದ ಲಾರಿಗಳ ಡ್ರೈವರ್‌ಗಳಿಗೆ ಯಾವ ಹೈಕೋರ್ಟಿನಿಂದಲೂ ತಡೆ ಸಿಗಲಿಲ್ಲ. ಗಣಿಯಿಂದ ಹಾಳಾದ ಜಿಲ್ಲೆಗಳ ಪುನಶ್ಚೇತನಕ್ಕೆ ಸಾವಿರಾರು ಕೋಟಿಯ ನಿಧಿ ಇದೆ. ಅದು ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರಿಗೆ. ತೋಡಿದ ಜಾಗಕ್ಕೆ ದುಡ್ಡು, ಸರಿ. ಧೂಳು ತಿಂದ ಗದಗ ರಸ್ತೆಯವರನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಈಗ ಎಲ್ಲರ ಕಣ್ಣು ಕಪ್ಪತಗುಡ್ಡದ ಮೇಲೆ. ಗದಗಿನ ಜನ, ಮಠದ ಸ್ವಾಮಿಗಳು ಬೀದಿಗಿಳಿದು ಹೊಡೆದಾಡಿದ ಮೇಲೆ 2019ರಲ್ಲಿ ಅದು ವನ್ಯಜೀವಿಧಾಮ ಆಯಿತು. ಆದರೂ ಸುತ್ತ ಗಣಿ ಮಾಡುತ್ತೇವೆ ಅನ್ನುವ ಅರ್ಜಿಗಳು ಬರುವುದು ನಿಂತಿಲ್ಲ. ಹೆದರಬೇಡಿ. ನಾಳೆ ಅಲ್ಲಿ ಯಾರಾದರೂ ಕದ್ದು ತೋಡಿದರೆ ಕೇಸು ಖಂಡಿತ ಆಗುತ್ತದೆ. ಮುಂಡರಗಿಯಲ್ಲಿ ಈ ವಾರ ಹುಟ್ಟಿದ ಮಗು ಎಸ್ಸೆಸ್ಸೆಲ್ಸಿ ಬರೆಯುವ ಹೊತ್ತಿಗೆ ತೀರ್ಪು ಬರುತ್ತದೆ. ಅದು ಪಿಯುಸಿಗೆ ಅಡ್ಮಿಷನ್ ಮಾಡಿಸುವುದರೊಳಗೆ ಸಾಹೇಬರು ವಾಪಸ್ ಬಂದಿರುತ್ತಾರೆ.