ಅಷ್ಟು ದೂರ ಹೋಗಿಯೂ ಸಾರು ಅನ್ನವೇ?

"ವಿಯೆಟ್ನಾಂನಲ್ಲಿ ಊಟಕ್ಕೆ ಒಂದು ದಿನವೂ ತೊಂದರೆ ಆಗಲಿಲ್ಲ. ಮೂರು ಹೊತ್ತೂ ನಮ್ಮ ಊಟವೇ ಇತ್ತು." ನಿನ್ನೆ ಬದಿಯಡ್ಕದ ಹತ್ತಿರ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಕೇಳಿದ ಮಾತು. ಹೇಳಿದ್ದು ನನ್ನ ಪಕ್ಕದಲ್ಲೇ ಕೂತಿದ್ದ ದಂಪತಿ. ನಮಗೆ ಬೇಕಾದವರೇ. ಹನೋಯಿ, ಸಾಪಾ, ಡಾ ನಾಂಗ್ ಎಲ್ಲ ನೋಡಿ ಬಂದಿದ್ದಾರೆ. ತಂಡದ ಜೊತೆ ಅಡುಗೆಯವರೂ ಹೋಗಿದ್ದರಂತೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಸಾರು ಅನ್ನ, ರಾತ್ರಿ ಚಪಾತಿ. "ಅಲ್ಲಿಯವರದ್ದು ಏನನ್ನೂ ಮುಟ್ಟಲೇ ಇಲ್ಲ" ಎಂದು ಅವರು ಹೇಳುವಾಗ ಮುಖದಲ್ಲಿ ಎಷ್ಟು ಸಮಾಧಾನ! ಸುತ್ತಲಿದ್ದವರೂ "ಒಳ್ಳೆಯದೇ ಆಯಿತು" ಅಂದರು. ಏನು ಒಳ್ಳೆಯದಾಯಿತು ಮಾರಾಯ್ರೇ? ನನಗೆ ಎಲೆಯ ಮುಂದೆ ಕೂತು ಹೆಚ್ಚು ಮಾತೇ ಹೊರಡಲಿಲ್ಲ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರು, ಗಂಡ ಹೆಂಡತಿ, ವಿಯೆಟ್ನಾಂಗೆ ಹೋಗಿ ಬಂದದ್ದು ನಿಮಗೆ ಗೊತ್ತು. ಕಾಸರಗೋಡಿನಿಂದ ರೈಲು, ಕೊಚ್ಚಿಯಿಂದ ವಿಮಾನ, ಜೊತೆಗೆ ಅಡುಗೆಯವರೂ ಇಲ್ಲ, ತಂಡವೂ ಇಲ್ಲ. ವೀಸಾ ಮನೆಯಲ್ಲೇ ಕೂತು ಆನ್‌ಲೈನಲ್ಲಿ ಮಾಡಿದ್ದು. ನಾನು ಸಸ್ಯಾಹಾರಿ. ಇವರು ಮೊಟ್ಟೆ ತಿನ್ನುತ್ತಾರೆ, ಅಷ್ಟೇ. ಒಂದು ಹೊತ್ತೂ ಹಸಿದು ಮಲಗಲಿಲ್ಲ.

ಹನೋಯಿಯಲ್ಲಿ ಬೆಳಿಗ್ಗೆ ಹೊರಗೆ ಬಂದರೆ ಇಡೀ ಊರು ಫುಟ್‌ಪಾತಿನಲ್ಲಿ ಕೂತು ತಿನ್ನುತ್ತಿರುತ್ತದೆ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಆಫೀಸಿಗೆ ಹೊರಟವರು, ಅಜ್ಜಂದಿರು, ಶಾಲೆಯ ಮಕ್ಕಳು. ಎಲ್ಲರ ಕೈಯಲ್ಲೂ ಫೋ ತುಂಬಿದ ದೊಡ್ಡ ಬೋಗುಣಿ. ಅಂದರೆ ಅಕ್ಕಿ ಶ್ಯಾವಿಗೆಯ ಮೇಲೆ ಬಿಸಿ ಬಿಸಿ ಸಾರು. ಆ ಸಾರಿಗೆ ಬೀಳುವುದು ಚಕ್ಕೆ, ಲವಂಗ, ಸುಟ್ಟ ಶುಂಠಿ, ಚಕ್ರಮೊಗ್ಗು. ಚಕ್ರಮೊಗ್ಗು ಬೆಳೆಯುವುದೇ ಅಲ್ಲಿ ಉತ್ತರದ ಲಾಂಗ್ ಸೋನ್ ಕಡೆಯ ಬೆಟ್ಟಗಳಲ್ಲಿ. ಸಾಮಾನ್ಯವಾಗಿ ಅದು ದನದ್ದೋ ಕೋಳಿಯದ್ದೋ ಸಾರು, ನಿಜ. ಆದರೆ ಅಣಬೆ, ಮೂಲಂಗಿ, ಕ್ಯಾರೆಟ್ ಹಾಕಿ ಕುದಿಸಿದ ಸಸ್ಯಾಹಾರದ ಫೋ ಕೂಡ ಸಿಗುತ್ತದೆ. ಒಂದು ಬೋಗುಣಿ ಮುಗಿಸಿ ನಾನು ಇನ್ನೊಂದು ಕೇಳಿದ್ದೆ.

"ಸಸ್ಯಾಹಾರಿಗಳಿಗೆ ಅಲ್ಲಿ ಏನುಂಟು" ಎಂಬ ಪ್ರಶ್ನೆ ನಿನ್ನೆಯೂ ಬಂತು. ಕೇಳಿ ಕೇಳಿ ಸಾಕಾಗಿದೆ. ಅದು ಬೌದ್ಧರು ತುಂಬಾ ಇರುವ ದೇಶ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಎಷ್ಟೋ ಮನೆಗಳಲ್ಲಿ ಮೀನು ಮಾಂಸ ಮಾಡುವುದಿಲ್ಲ. ಚಾಯ್, ಅಂದರೆ ಸಸ್ಯಾಹಾರ, ಎಂದು ಬೋರ್ಡು ಹಾಕಿದ ಹೋಟೆಲುಗಳು ಹನೋಯಿಯಲ್ಲೂ ಇವೆ. ಹ್ವೆ ಎಂಬ ಹಳೆಯ ರಾಜಧಾನಿಯಲ್ಲಂತೂ ಕೇಳುವುದೇ ಬೇಡ, ಅಲ್ಲಿನ ಮಠಗಳ ಅಡುಗೆ ದೇಶಕ್ಕೇ ಹೆಸರುವಾಸಿ. "ತೊಯ್ ಅನ್ ಚಾಯ್", ನಾನು ಸಸ್ಯಾಹಾರಿ ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದರೆ ಸಾಕು. ಜಾಗ್ರತೆ ಬೇಕಾದದ್ದು ಮೀನಿನ ಸಾಸಿನ ಬಗ್ಗೆ. ಸಾಮಾನ್ಯ ಹೋಟೆಲುಗಳಲ್ಲಿ ಸೊಪ್ಪಿನ ಪಲ್ಯಕ್ಕೂ ಅದನ್ನು ಹಾಕುತ್ತಾರೆ. ಅದಕ್ಕೇ ಚಾಯ್ ಹೋಟೆಲು ಹುಡುಕಬೇಕು. ಹುಡುಕುವುದು ಕಷ್ಟವೇ? ಊರಿನಲ್ಲಿ ಒಳ್ಳೆ ಗೋಳಿಬಜೆಗೆ ಇಷ್ಟು ದೂರ ಹೋಗುವುದಿಲ್ಲವಾ ನಾವು?

ತೋಫುವಿಗೆ ಟೊಮೆಟೊ ಗೊಜ್ಜು ಹಾಕಿ ಅನ್ನದ ಜೊತೆ ಕೊಡುತ್ತಾರೆ. ಬಾಳೆ ಹೂವನ್ನು ಸಣ್ಣಗೆ ಹೆಚ್ಚಿ, ನಿಂಬೆ ಹಿಂಡಿ, ಮೇಲೆ ಹುರಿದ ನೆಲಗಡಲೆ ಉದುರಿಸಿ ಕೊಡುತ್ತಾರೆ. ಅಕ್ಕಿ ಹಿಟ್ಟಿಗೆ ಅರಸಿನ, ಕಾಯಿಹಾಲು ಸೇರಿಸಿ ತೆಳ್ಳಗೆ ಹುಯ್ದು, ಒಳಗೆ ಮೊಳಕೆ ಕಾಳು, ಅಣಬೆ ಇಟ್ಟು, ಹಸಿ ಸೊಪ್ಪಿನಲ್ಲಿ ಸುತ್ತಿ ತಿನ್ನುವ ಬಾನ್ ಸೆಓ ಇದೆ. ಹೆಸರು ಬೇಳೆ, ಕಾಯಿಹಾಲು, ಸಕ್ಕರೆಯ ಚೆ ಇದೆ. ಅಕ್ಕಿ, ತೆಂಗಿನಕಾಯಿ, ಬಾಳೆ, ಹಲಸು. ಕಾಸರಗೋಡಿನವರು ಇದಕ್ಕೆ ಹೆದರಬೇಕಾ? ಇದನ್ನು ಬಿಟ್ಟು ಪೊಟ್ಟಣದ ಉಪ್ಪಿಟ್ಟು ತಿಂದು ಬಂದವರ ಮೇಲೆ ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಹನೋಯಿಯ ಡೋಂಗ್ ಶ್ವಾನ್ ಮಾರ್ಕೆಟ್ ನೋಡಿದಿರಾ ಎಂದು ಆ ದಂಪತಿಯನ್ನು ಕೇಳಿದೆ. ಇಲ್ಲವಂತೆ. ಊಟದ ಹೊತ್ತಿಗೆ ಹೋಟೆಲಿಗೆ ವಾಪಸು ಹೋಗಬೇಕಿತ್ತಂತೆ. 1889ರಲ್ಲಿ ಫ್ರೆಂಚರ ಕಾಲದಲ್ಲಿ ಕಟ್ಟಿದ ಮಾರ್ಕೆಟ್ ಅದು. ಅದರ ಬದಿಯ ಗಲ್ಲಿಯಲ್ಲಿ ಹಸಿ ಅಡಕೆ ಗೊನೆ, ವೀಳ್ಯದೆಲೆ ರಾಶಿ ಹಾಕಿ ಮಾರುತ್ತಿದ್ದರು. ನಮ್ಮ ಮನೆಯವರು ಅಡಕೆ ತೋಟದಲ್ಲೇ ಬೆಳೆದವರು. ಗೊನೆ ಕೈಯಲ್ಲಿ ಹಿಡಿದು ಆ ಹೆಂಗಸಿನ ಜೊತೆ ಕೈಸನ್ನೆಯಲ್ಲೇ ಎಷ್ಟು ಹೊತ್ತು ಮಾತಾಡಿದರೋ! ಅಲ್ಲಿ ಮದುವೆ ನಿಶ್ಚಯಕ್ಕೆ ಗಂಡಿನವರು ಹೆಣ್ಣಿನ ಮನೆಗೆ ಅಡಕೆ ವೀಳ್ಯ ತರಲೇಬೇಕು. ಅದರ ಹಿಂದೆ ಒಂದು ಜನಪದ ಕಥೆಯಿದೆ. ತುಂಬಾ ಅನ್ಯೋನ್ಯವಾಗಿದ್ದ ಅಣ್ಣ ತಮ್ಮ. ಅಣ್ಣನಿಗೆ ಮದುವೆಯಾದ ಮೇಲೆ ತಮ್ಮ ಬೇಸರದಿಂದ ಮನೆ ಬಿಟ್ಟು ಹೋಗಿ ಹೊಳೆಯ ದಡದಲ್ಲಿ ಸತ್ತು ಸುಣ್ಣದ ಕಲ್ಲಾದ. ಹುಡುಕಿಕೊಂಡು ಬಂದ ಅಣ್ಣ ಅದರ ಪಕ್ಕದಲ್ಲೇ ಅಡಕೆ ಮರವಾದ. ಗಂಡನನ್ನು ಹುಡುಕಿ ಬಂದ ಹೆಂಡತಿ ಆ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿಯಾದಳು. ನಮ್ಮ ಎಲೆ ಅಡಕೆ ತಟ್ಟೆಯ ಮೂರೂ ವಸ್ತುಗಳು ಅಷ್ಟು ದೂರದಲ್ಲಿ ಒಂದು ಕುಟುಂಬವಾಗಿ ಬದುಕುತ್ತಿವೆ. ನಿನ್ನೆಯವರಿಗೂ ಎರಡು ಎಕರೆ ಅಡಕೆ ತೋಟ ಇದೆ. ಇದು ಅವರಿಗೆ ಗೊತ್ತಾಗಲೇ ಇಲ್ಲ. ಸಾರು ಆರಿ ಹೋಗುತ್ತದೆ ಎಂಬ ಕಾರಣಕ್ಕೆ!

ಸಾಪಾದಲ್ಲೂ ಅದೇ ಕಥೆ. ಹನೋಯಿಯಿಂದ ಬಸ್ಸಿನಲ್ಲಿ ಐದಾರು ಗಂಟೆ. ಊರು ಇರುವುದೇ ಸುಮಾರು 1,500 ಮೀಟರ್ ಎತ್ತರದಲ್ಲಿ. ಅಲ್ಲಿಂದ ಫಾನ್ಸಿಪಾನ್ ಶಿಖರಕ್ಕೆ ಕೇಬಲ್ ಕಾರ್ ಇದೆ, 2016ರಲ್ಲಿ ಶುರುವಾದದ್ದು, ಆರು ಕಿಲೋಮೀಟರಿಗಿಂತ ಉದ್ದ. ಶಿಖರದ ಎತ್ತರ 3,140 ಮೀಟರಿಗಿಂತ ಹೆಚ್ಚು. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ ಮೂರರಲ್ಲೂ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಕೆಳಗೆ ನೋಡಿದರೆ ಗುಡ್ಡದ ತುಂಬಾ ಮೆಟ್ಟಿಲು ಮೆಟ್ಟಿಲು ಗದ್ದೆಗಳು. ಚಳಿಯ ಊರಾದ್ದರಿಂದ ವರ್ಷಕ್ಕೆ ಒಂದೇ ಬೆಳೆ. ಹ್ಮಾಂಗ್ ಎಂಬ ಬುಡಕಟ್ಟಿನ ಹೆಂಗಸರು ನೀಲಿ ಬಣ್ಣ ಹಾಕಿದ ಬಟ್ಟೆ ಉಟ್ಟು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಅದರ ಬದುವಿನಲ್ಲಿ ಸಲೀಸಾಗಿ ನಡೆಯುತ್ತಾರೆ. ಆ ಗದ್ದೆಗಳ ನಡುವೆ ಕೂತು, ಬಿದಿರಿನ ಅಂಡೆಯಲ್ಲಿ ಬೇಯಿಸಿದ ಅಂಟಕ್ಕಿಯನ್ನು ಎಳ್ಳು ನೆಲಗಡಲೆ ಪುಡಿಯಲ್ಲಿ ಅದ್ದಿ ನಾವು ತಿಂದೆವು. ನಿನ್ನೆಯವರು ಶಿಖರದಲ್ಲಿ ಸ್ವಲ್ಪ ಹೊತ್ತು ನಿಂತು ಇಳಿದರಂತೆ. ಯಾಕೆ? ಕೆಳಗೆ ಅನ್ನ ಆಗಿತ್ತು.

ಇನ್ನು ವಯಸ್ಸು, ಹೊಟ್ಟೆ, ಸಕ್ಕರೆ ಕಾಯಿಲೆಯ ಮಾತು. ಕಾಯಿಲೆ ಇದ್ದವರು ಜಾಗ್ರತೆ ಮಾಡಲಿ, ಅದಕ್ಕೆ ನನ್ನ ತಕರಾರು ಇಲ್ಲ. ಆದರೆ ಗೃಹಪ್ರವೇಶದಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಾಗ ಇಲ್ಲದ ಕಾಯಿಲೆ ಹನೋಯಿಯಲ್ಲಿ ಹೇಗೆ ಬರುತ್ತದೆ?

ನನ್ನನ್ನು ನಿಜವಾಗಿ ಕೆಣಕಿದ್ದು ಎದುರು ಸಾಲಿನಲ್ಲಿದ್ದ ಒಬ್ಬರ ಮಾತು. "ಟೀಚರೇ, ಗಡಿನಾಡಿನವರು ನಾವು, ನಮ್ಮದನ್ನು ನಾವು ಬಿಡಬಾರದು." ಇದನ್ನು ನನಗೆ ಹೇಳಬೇಕಾ? 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ ಶಾಲೆಯಲ್ಲೇ ಜೀವಮಾನ ಪಾಠ ಮಾಡಿದವಳು ನಾನು. ಭಾಷೆ ಬಿಡಬಾರದು ಎಂದು ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳಿದ್ದೇನೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಇರುವ ಊರಿನವರು ಪಕ್ಕದವರ ಬಟ್ಟಲಿಗೆ ಹೆದರಿ ಯಾವ ಕನ್ನಡವನ್ನು ಉಳಿಸಿದ ಹಾಗಾಯಿತು?

ಒಂದು ವಿಷಯ ಹೇಳುತ್ತೇನೆ, ಇಲ್ಲಿ ಯಾವತ್ತೂ ಬರೆದಿಲ್ಲ. ನಮ್ಮ ಪಕ್ಕದ ಮನೆಯವರು ಮಲಯಾಳಿಗಳು. ಬೆಳಿಗ್ಗೆ ಅವರ ಮನೆಯ ಪುಟ್ಟು, ಕಡಲೆಯ ಪರಿಮಳ ನಮ್ಮ ಅಡುಗೆಮನೆಗೇ ಬರುತ್ತಿತ್ತು. ನನ್ನ ಅಮ್ಮನಿಗೆ ಅದನ್ನು ತಿನ್ನಬೇಕು ಎಂದು ಬಹಳ ಆಸೆ. ಮಡಿ ಎಂದು ಅಜ್ಜಿ ಬಿಡಲಿಲ್ಲ. ಅಜ್ಜಿ ಹೋದ ಮೇಲೆ ಅಪ್ಪ ಬಿಡಲಿಲ್ಲ. ಬೇಲಿಯಾಚೆಯಿಂದ ಎಷ್ಟು ಪ್ರೀತಿಯಿಂದ ಕೊಡಲು ಬರುತ್ತಿದ್ದರು! ಅಮ್ಮ ಅದನ್ನು ತಿನ್ನದೆಯೇ ತೀರಿಕೊಂಡರು. ಅವರಿಗೆ ಬೇಲಿ ದಾಟಲು ಬಿಡಲಿಲ್ಲ. ನಿಮಗೆ ಸಮುದ್ರ ದಾಟಲು ದುಡ್ಡಿದೆ, ಪುರುಸೊತ್ತಿದೆ, ಜೊತೆಗೆ ಗಂಡನೋ ಹೆಂಡತಿಯೋ ಇದ್ದಾರೆ, ತಡೆಯುವವರು ಯಾರೂ ಇಲ್ಲ. ಆದರೂ ಅಡುಗೆಯವರನ್ನು ಕಟ್ಟಿಕೊಂಡು ಹೋಗುತ್ತೀರಿ. ನನಗೆ ಇದನ್ನು ಸಹಿಸಲು ಆಗುವುದಿಲ್ಲ.

ಇನ್ನೂ ಕೆಲವರು ಹೊರಡಲು ತಯಾರಿ ಮಾಡುತ್ತಿದ್ದೀರಿ, ನನಗೆ ಗೊತ್ತು. ತಂಡದಲ್ಲೇ ಹೋಗಿ, ಬೇಡ ಎನ್ನುವುದಿಲ್ಲ. ಹನೋಯಿಯಲ್ಲಿರುವಷ್ಟು ದಿನ ಮಧ್ಯಾಹ್ನದ ಊಟವನ್ನು ಮಾತ್ರ ಪಟ್ಟಿಯಿಂದ ತೆಗೆಸಿ. ದುಡ್ಡು ಕಡಿಮೆ ಮಾಡುವುದಿಲ್ಲ ಎಂದು ಏಜೆಂಟರು ಹೇಳಿದರೂ ಸರಿ, ತೆಗೆಸಿ. ಚೀಟಿ ನಾನು ಬರೆದು ಕೊಡುತ್ತೇನೆ.